ಡಿ ಡ್ರೈವಿನಲ್ಲಿ ಉಳಿದ ಕನ್ನಡ

ಸಾಗರದ ಹತ್ತಿರದ ಹಳ್ಳಿಯಲ್ಲಿ ನನ್ನ ಚಿಕ್ಕಪ್ಪನ ಮನೆ. ಜಗಲಿಗೆ ತಾಗಿದ ಸಣ್ಣ ಕೋಣೆಯಲ್ಲಿ ಅವರ ಕಂಪ್ಯೂಟರ್. ಗುಡುಗಿನ ಸದ್ದು ಕೇಳಿದರೆ ಮೊದಲು ಅದರ ಪ್ಲಗ್ ಕೀಳುತ್ತಾರೆ, ಅಂಗಳದಲ್ಲಿ ಒಣಗಿಸಿದ್ದನ್ನು ಒಳಗೆ ತರುವುದು ಆಮೇಲೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು, 2004ರಿಂದ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತ ಬಂದಿದ್ದಾರೆ. ಅಜ್ಜಿಯ ಬಾಯಿಂದ ಬರೆದುಕೊಂಡ ಹಸೆ ಹಾಡುಗಳು, ಬೀಸುವ ಹಾಡುಗಳು, ಊರಿನ ಗದ್ದೆ ಕೆರೆಗಳ ಹೆಸರು, ಮನೆತನದ ವಂಶಾವಳಿ ಎಲ್ಲವೂ ಆ ಯಂತ್ರದಲ್ಲಿವೆ.

ಒಂದು ಸಂಜೆ ಫೋನ್ ಮಾಡಿದರು. “ನಮ್ಮ ಕಂಪ್ಯೂಟರಿನ ವಾಯಿದೆ ಮುಗೀತು ಅಂತ ತೋರಿಸ್ತಾ ಇದೆಯಲ್ಲೋ. ಇನ್ನು ಇದು ಆನ್ ಆಗ್ತದೋ ಇಲ್ಲವೋ?”

“ಆಗ್ತದೆ ಚಿಕ್ಕಪ್ಪ, ನೀವು ಹೆದರಬೇಡಿ. ಆದರೆ ನಾನು ಬರುವವರೆಗೆ ಯಾರ ಹತ್ತಿರವೂ ಫಾರ್ಮ್ಯಾಟ್ ಮಾಡಿಸಬೇಡಿ” ಎಂದೆ.

ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಹಿಂದಿನ ಕಂಪ್ಯೂಟರಿನಲ್ಲಿ ಎಕ್ಸ್‌ಪಿ ತೆಗೆಸಿ ವಿಂಡೋಸ್ 7 ಹಾಕಿಸಿದಾಗ ಪರದೆಯ ಮೇಲೇ ಕಾಣುತ್ತಿದ್ದ ಒಂದು ಫೋಲ್ಡರ್ ಹೋಯಿತು. ಡೆಸ್ಕ್‌ಟಾಪಿನ ಮೇಲಿಟ್ಟದ್ದು ನಿಜವಾಗಿ ಸಿ ಡ್ರೈವಿನಲ್ಲಿರುತ್ತದೆ, ಫಾರ್ಮ್ಯಾಟ್ ಮಾಡಿದರೆ ಅಳಿಸಿಹೋಗುತ್ತದೆ ಎಂದು ಚಿಕ್ಕಪ್ಪನಿಗೆ ತಿಳಿದಿರಲಿಲ್ಲ. ಹಾಕಿಕೊಡಲು ಬಂದವನು ಕೇಳಲಿಲ್ಲ. ಅದರಲ್ಲಿ ಮೂವತ್ತೆರಡು ಹಾಡುಗಳಿದ್ದವು. ಹೇಳಿಕೊಟ್ಟ ಅಜ್ಜಿ ತೀರಿಕೊಂಡು ಆಗಲೇ ಎರಡು ವರ್ಷ. ಅಂದಿನಿಂದ ಚಿಕ್ಕಪ್ಪ ಒಂದು ಸಾಲು ಬರೆದರೂ ಡಿ ಡ್ರೈವಿನಲ್ಲೇ ಇಡುತ್ತಾರೆ.

2025ರ ಅಕ್ಟೋಬರ್ 14ರಂದು, ಚಿಕ್ಕಪ್ಪನ ಈಗಿನ ಕಂಪ್ಯೂಟರಿನಲ್ಲಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿತು. 2015ರ ಜುಲೈ 29ರಂದು ಅದು ಬಂದಾಗ, ಇದೇ ಕೊನೆಯ ವಿಂಡೋಸ್ ಎಂದು ಕಂಪನಿಯ ಉದ್ಯೋಗಿಯೊಬ್ಬರು ಸಮ್ಮೇಳನವೊಂದರಲ್ಲಿ ಆಡಿದ ಮಾತು ಪ್ರಪಂಚವನ್ನೆಲ್ಲ ಸುತ್ತಿತ್ತು. ಹಳೆಯ ವಿಂಡೋಸ್ 7 ಇದ್ದವರಿಗೆ ಮೊದಲ ಒಂದು ವರ್ಷ ಅದನ್ನು ಪುಕ್ಕಟೆಯಾಗಿ ಕೊಟ್ಟರು. ಆರು ವರ್ಷ ಕಳೆದು 2021ರ ಅಕ್ಟೋಬರ್ 5ಕ್ಕೆ ವಿಂಡೋಸ್ 11 ಬಂತು. ಬೆಂಬಲ ನಿಂತಿತು ಎಂದರೆ ಯಂತ್ರ ನಿಂತಿತು ಎಂದಲ್ಲ. ಮಲೆನಾಡಿನ ಹೆಂಚಿನ ಮನೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಾರಲ್ಲ, ಆ ಕೆಲಸಕ್ಕೆ ಇನ್ನು ಆಳು ಬರುವುದಿಲ್ಲ ಎಂದರ್ಥ. ಮೊದಲ ಮಳೆಗೆ ಏನೂ ಆಗದೆ ಇರಬಹುದು. ಸೋರುವ ಜಾಗ ಯಾವುದೆಂದು ಮಾತ್ರ ಮಳೆ ಬಂದ ಮೇಲೇ ತಿಳಿಯುತ್ತದೆ.

2017ರ ಮೇ 12ರಂದು ಅಂಥ ಮಳೆ ಸುರಿಯಿತು. ‘ವಾನಾಕ್ರೈ’ ಎಂಬ ಕುತಂತ್ರಾಂಶ ನೂರೈವತ್ತಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ಸಂದಿಗೆ ಎರಡು ತಿಂಗಳ ಮುಂಚೆ, ಮಾರ್ಚಿನಲ್ಲೇ, ತೇಪೆ ಬಿಡುಗಡೆಯಾಗಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. 2014ರ ಏಪ್ರಿಲ್ 8ಕ್ಕೇ ಬೆಂಬಲ ಮುಗಿದಿದ್ದ ಎಕ್ಸ್‌ಪಿಗೂ ಆ ವಾರ ಕಂಪನಿ ತುರ್ತಾಗಿ ತೇಪೆ ಕೊಟ್ಟಿತು. “ನನ್ನ ಕಂಪ್ಯೂಟರಿನಲ್ಲಿ ಕದಿಯುವಂಥದ್ದು ಏನಿದೆ?” ಎಂದು ಕೇಳುವವರಿದ್ದಾರೆ. ವಾನಾಕ್ರೈ ಏನನ್ನೂ ಕದಿಯಬೇಕಾಗಿರಲಿಲ್ಲ. ನಮ್ಮದನ್ನು ನಮಗೇ ಸಿಗದಂತೆ ಮಾಡಿದರೆ ಅದಕ್ಕೆ ಸಾಕಿತ್ತು.

ಊರಿಗೆ ಹೋಗಿ ಪರೀಕ್ಷಿಸಿದೆ. 2016ರಲ್ಲಿ ಶಿವಮೊಗ್ಗದಲ್ಲಿ ಜೋಡಿಸಿ ತಂದದ್ದು. ಇಂಟೆಲ್ ಕಂಪನಿಯ 6ನೇ ಪೀಳಿಗೆಯ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್. ವಿಂಡೋಸ್ 11 ಕೇಳುವುದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಅಲ್ಲಿಯವರೆಗೆ ತೊಂದರೆಯಿಲ್ಲ. ಅದರ ಮೇಲೆ ಟಿಪಿಎಂ 2.0 ಬೇಕು. ಇದು ಬೀಗದ ಕೈಗಳನ್ನು ಹಾರ್ಡ್ ಡಿಸ್ಕಿನಿಂದ ಬೇರೆಯಾಗಿ ಕಾಯ್ದಿಡುವ ಭದ್ರತಾ ವ್ಯವಸ್ಥೆ. ಆನ್ ಆಗುವ ಹೊತ್ತಿಗೆ ಕಳ್ಳ ತಂತ್ರಾಂಶ ಮೊದಲು ಎದ್ದು ಕೂರದಂತೆ ತಡೆಯುವ ಸೆಕ್ಯೂರ್ ಬೂಟ್ ಇರಬೇಕು. ಬಹಳ ಮನೆಗಳಲ್ಲಿ ಇವೆರಡೂ ಇರುತ್ತವೆ, ಆದರೆ ಬಯಾಸ್‌ನಲ್ಲಿ ಆಫ್ ಆಗಿರುತ್ತವೆ. ‘ನಿಮ್ಮ ಕಂಪ್ಯೂಟರ್ ಯೋಗ್ಯವಲ್ಲ’ ಎಂಬ ಸಂದೇಶ ಬಂದ ಕೂಡಲೇ ಹೊಸದಕ್ಕೆ ದುಡ್ಡು ಹೊಂದಿಸುವ ಮೊದಲು ಅಲ್ಲೊಮ್ಮೆ ನೋಡಬೇಕು. ಇಂಟೆಲ್ ಬೋರ್ಡುಗಳಲ್ಲಿ ಟಿಪಿಎಂನ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ.

ಚಿಕ್ಕಪ್ಪನ ಯಂತ್ರದಲ್ಲೂ ಅದನ್ನು ಆನ್ ಮಾಡಿದೆ. ಅಡ್ಡ ಬಂದದ್ದು ಪ್ರೊಸೆಸರ್. ಮೈಕ್ರೋಸಾಫ್ಟ್‌ನ ಪಟ್ಟಿ ಹೆಚ್ಚುಕಡಿಮೆ ಇಂಟೆಲ್‌ನ 8ನೇ ಪೀಳಿಗೆಯಿಂದ, ಎಂದರೆ 2017ರಿಂದ ಈಚೆಗೆ ಶುರುವಾಗುತ್ತದೆ. 7ನೇ ಪೀಳಿಗೆಯಲ್ಲಿ ಬೆರಳೆಣಿಕೆಯವಕ್ಕೆ ಅವಕಾಶ ಸಿಕ್ಕಿತು. ಕಂಪನಿಯದೇ ಸರ್ಫೇಸ್ ಸ್ಟುಡಿಯೋ 2ರಲ್ಲಿದ್ದ ಪ್ರೊಸೆಸರ್ ಅವುಗಳಲ್ಲೊಂದು. ಭದ್ರತೆ ಬುಡದಿಂದಲೇ ಗಟ್ಟಿಯಾಗಿರಬೇಕು ಎಂಬ ಕಂಪನಿಯ ವಾದದಲ್ಲಿ ಹುರುಳಿದೆ ಎಂದು ಒಪ್ಪುತ್ತೇನೆ. ಆದರೆ ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಹುಟ್ಟಿದ ವರ್ಷ ನೋಡಿ ಹೊರಗಿಡುವುದನ್ನು ಒಪ್ಪಲು ನನ್ನಿಂದಾಗಲಿಲ್ಲ. ಈ ಬದಲಾವಣೆಯಿಂದ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದು ಎಂದು ಮಾರುಕಟ್ಟೆ ಅಧ್ಯಯನ ಸಂಸ್ಥೆ ಕ್ಯಾನಲಿಸ್ 2023ರ ಡಿಸೆಂಬರಿನಲ್ಲಿ ಅಂದಾಜು ಮಾಡಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಮುಂದೆ ಪೇರಿಸಿಟ್ಟ ಹಳೆಯ ಸಿಪಿಯು ಡಬ್ಬಗಳನ್ನು ಕಂಡಾಗಲೆಲ್ಲ, ಅವುಗಳೊಳಗಿನ ಹಾರ್ಡ್ ಡಿಸ್ಕುಗಳಲ್ಲಿ ಯಾರ ಮನೆಯ ಏನೇನು ಹೊರಟುಹೋಯಿತೋ ಎಂದು ನನಗೆ ಅನಿಸುತ್ತದೆ.

ಕನ್ನಡದ ಮನೆಗಳಲ್ಲಿ ನಷ್ಟಕ್ಕೆ ಇನ್ನೊಂದು ದಾರಿಯೂ ಇದೆ. ಕಡತ ಉಳಿದಿರುತ್ತದೆ, ಓದಲು ಬರುವುದಿಲ್ಲ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಮೀಸಲಾದದ್ದು 1991ರಲ್ಲೇ. ಆದರೆ ಮನೆಯ ಕಂಪ್ಯೂಟರಿಗೆ ಅದು ತಲುಪಲು ಹತ್ತು ವರ್ಷ ಹಿಡಿಯಿತು. ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳು ಬಂದವು, ಕನ್ನಡ ಬರಲಿಲ್ಲ. 2001ರ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನೊಂದಿಗೆ ಬಂತು; ಅದಕ್ಕೂ ಸೀಡಿ ಹಾಕಿ ಬೇರೆಯಾಗಿ ಇನ್‌ಸ್ಟಾಲ್ ಮಾಡಿಕೊಳ್ಳಬೇಕಿತ್ತು. ಅಷ್ಟು ಕಾಲ ಕನ್ನಡಿಗರು ಸುಮ್ಮನೆ ಕಾಯಲಿಲ್ಲ. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ ತಂತ್ರಾಂಶ ತಂದರು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕಟ್ಟಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ರಾಜ್ಯ ಸರ್ಕಾರದ ಕೀಲಿಮಣೆಗೆ ಅಡಿಪಾಯವಾಯಿತು. ಇಪ್ಪತ್ತಾರು ಕೀಲಿಗಳಲ್ಲೇ ಇಡೀ ವರ್ಣಮಾಲೆ ಕೂತಿದೆ: ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ಇವರ ಕೆಲಸ ಇಲ್ಲದಿದ್ದರೆ ಆ ದಶಕದ ಕನ್ನಡ ಕಂಪ್ಯೂಟರಿಗೆ ಬರುತ್ತಲೇ ಇರಲಿಲ್ಲ.

ಆ ಕಾಲದ ಉಪಾಯಕ್ಕೆ ಒಂದು ಮಿತಿ ಇತ್ತು. ಕಂಪ್ಯೂಟರಿಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಮಾತ್ರ ಗೊತ್ತಿದ್ದುದರಿಂದ, ಅವುಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದರು. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದಿಟ್ಟರೆ ಕಂಪ್ಯೂಟರ್ ಉಳಿಸಿಕೊಂಡಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಗೀಟಿನ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಆ ಫಾಂಟ್ ಇರುವವರೆಗೆ ಕಣ್ಣಿಗೆ ಕಾಣುವುದು ಕನ್ನಡ. ಹೊಸ ವಿಂಡೋಸ್ ಹಾಕಿಸಿ ಫಾಂಟ್ ಹಾಕುವುದನ್ನು ಮರೆತರೆ, ಇಪ್ಪತ್ತು ವರ್ಷದ ಬರವಣಿಗೆ ಪೌಂಡು ಗೀಟುಗಳ ರಾಶಿ. ಕಡತ ಕೆಟ್ಟಿತು ಎಂದು ಭಾವಿಸಿ ಡಿಲೀಟ್ ಮಾಡಿದವರನ್ನು ನಾನು ಬಲ್ಲೆ.

ಆದ್ದರಿಂದ ಚಿಕ್ಕಪ್ಪನ ಮನೆಯಲ್ಲಿ ಮೊದಲ ಎರಡು ದಿನ ನಾನು ವಿಂಡೋಸಿನ ಗೊಡವೆಗೇ ಹೋಗಲಿಲ್ಲ. ಮೊದಲು ಡಿ ಡ್ರೈವ್ ಪೂರ್ತಿ ಎರಡು ಕಡೆ ಪ್ರತಿ ಮಾಡಿದೆ: ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ, ಇನ್ನೊಂದು ಪೆನ್‌ಡ್ರೈವಿಗೆ. ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹದ ಫಾಂಟುಗಳನ್ನೂ ಜೊತೆಗಿಟ್ಟೆ. ಇದು ಚಿಕ್ಕ ಕೆಲಸ, ಆದರೆ ಯಾರೂ ಮಾಡುವುದಿಲ್ಲ. ಎಕ್ಸ್‌ಪಿ ಕಾಲದ ತುಂಗಾ ಕೂಡ ಈಗಿನ ವಿಂಡೋಸಿನಲ್ಲಿ ತಾನಾಗಿ ಇರುವುದಿಲ್ಲ, ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಅಕ್ಷರ ‘ನಿರ್ಮಲಾ’ದಲ್ಲಿ ಕಾಣಿಸಿಕೊಂಡು ಪುಟಗಳ ಅಳತೆಯೆಲ್ಲ ಬದಲಾಗುತ್ತದೆ.

ಆಮೇಲೆ ಯೂನಿಕೋಡಿಗೆ ಪರಿವರ್ತನೆ. ಗುಂಡಿ ಒತ್ತಿದರೆ ಮುಗಿಯಿತು ಎನ್ನುವಂಥ ಕೆಲಸ ಅಲ್ಲ ಅದು. ‘ಸೂರ್ಯ’ ಎಂದು ಬರೆಯುವಾಗ ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಎಂದರೆ ಯಕಾರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರೇಫ ಮೊದಲು. ಪರಿವರ್ತಕ ಇದನ್ನು ಹಿಂದೆಮುಂದೆ ಮಾಡಬೇಕು, ಕೆಲವು ತಪ್ಪುತ್ತವೆ. ನಡುವೆ ಇಂಗ್ಲಿಷ್ ಪದಗಳಿದ್ದರಂತೂ ಅವೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಬರುತ್ತವೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು, ಹಿಂದೊಮ್ಮೆ ಉತ್ತರಪತ್ರಿಕೆ ತಿದ್ದುತ್ತಿದ್ದ ಹಾಗೆ, ಸಾಲು ಸಾಲು ಓದುತ್ತ ಹೋದರು. ಹಸೆ ಹಾಡಿನಲ್ಲಿ ಒಂದು ಪದ ಎಡವಿದಾಗ ಅಡುಗೆಮನೆಯಿಂದ ಚಿಕ್ಕಮ್ಮ ಆ ಸಾಲನ್ನು ಹಾಡಿ ತೋರಿಸಿದರು. ಮೂಲ ಕಡತಗಳನ್ನು ಅಳಿಸಲಿಲ್ಲ, ಅವೂ ಪಕ್ಕದ ಫೋಲ್ಡರಿನಲ್ಲೇ ಇವೆ.

ಯಾವ ವ್ಯವಸ್ಥೆ ಹಾಕುವುದು ಎಂಬುದನ್ನು ಮೂರನೆಯ ದಿನ ಕೂತು ಯೋಚಿಸಿದೆವು. ವಿಂಡೋಸ್ 10ರಲ್ಲೇ ಇದ್ದುಕೊಂಡು 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಮನೆಬಳಕೆದಾರರಿಗೆ ಪ್ರಕಟಿಸಿತ್ತು. ಅದಕ್ಕೆ 30 ಡಾಲರ್ ಕೊಡಬೇಕಿತ್ತು, ಇಲ್ಲವೇ ಕಂಪನಿಯ ಖಾತೆಗೆ ಸೆಟ್ಟಿಂಗ್‌ಗಳ ಬ್ಯಾಕಪ್ ಕೊಟ್ಟು ದುಡ್ಡಿಲ್ಲದೆ ಪಡೆಯಬಹುದಿತ್ತು. ವರ್ಷಕ್ಕಾಗುವ ಪರಿಹಾರ ಅದು. ಹೊಸ ಕಂಪ್ಯೂಟರ್ ಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು. ವಿಂಡೋಸ್ 11ರ ಹೊಸ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಗೂಢಲಿಪಿಯ ಬೀಗ ಬೀಳುವುದುಂಟು, ಅದರ ಕೀಲಿ ಮೈಕ್ರೋಸಾಫ್ಟ್ ಖಾತೆಗೆ ಹೋಗುತ್ತದೆ. ಆ ಖಾತೆಯನ್ನು ಅಂಗಡಿಯ ಹುಡುಗ ಅವಸರದಲ್ಲಿ ಯಾವುದೋ ಇಮೇಲ್‌ನಿಂದ ಮಾಡಿಕೊಟ್ಟಿದ್ದರೆ, ನಾಳೆ ಯಂತ್ರ ಕೆಟ್ಟಾಗ ನಿಮ್ಮ ಕಡತ ನಿಮಗೆ ಸಿಗುವುದಿಲ್ಲ. ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಬೇಕು. ಕೀಲಿಯನ್ನು ಕಾಗದದಲ್ಲಿ ಬರೆದು ಮನೆಪತ್ರದ ಜೊತೆ ಇಡಬೇಕು. 10ರಿಂದ 11ಕ್ಕೆ ಏರಿಸಿಕೊಂಡು ಹಿಡಿಸದಿದ್ದರೆ ಹಿಂದಕ್ಕೆ ಬರಲು ಸಿಗುವುದು ಹತ್ತೇ ದಿನ. ಅಷ್ಟರೊಳಗೆ ಪ್ರಿಂಟರ್, ಸ್ಕ್ಯಾನರ್, ನುಡಿ ಎಲ್ಲವನ್ನೂ ಓಡಿಸಿ ನೋಡಬೇಕು.

ವಿಂಡೋಸಿನ ಬದಲು ನಾವು ಹಾಕಿದ್ದು ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆ. 2029ರವರೆಗೆ ಅಪ್‌ಡೇಟ್ ಸಿಗುವ 22ನೇ ಆವೃತ್ತಿ. ಪೆನ್‌ಡ್ರೈವಿನಿಂದಲೇ ಓಡಿಸಿ, ಡಿಸ್ಕ್ ಮುಟ್ಟದೆ, ಚಿಕ್ಕಪ್ಪನ ಕೈಗೆ ಒಂದು ದಿನ ಕೊಟ್ಟೆ. ಅವರ ಪ್ರಶ್ನೆ ಒಂದೇ: “ನನ್ನ ಬೆರಳಿಗೆ ಗೊತ್ತಿರೋ ಕೀಲಿ ಇದರಲ್ಲಿ ಇದೆಯೋ?” ಇತ್ತು. ಕೀಲಿಮಣೆಗಳ ಪಟ್ಟಿಯಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಅದೇ ವಿನ್ಯಾಸ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದರಿಂದ ಯಂತ್ರ ಚುರುಕಾಯಿತು. ಎಲ್ಲರಿಗೂ ಇದೇ ಸರಿ ಎನ್ನಲಾರೆ. ಟ್ಯಾಲಿಯನ್ನೋ, ವಿಂಡೋಸಿಗೆಂದೇ ಇರುವ ಇನ್ನಾವುದೋ ತಂತ್ರಾಂಶವನ್ನೋ ನಂಬಿ ಕೆಲಸ ಮಾಡುವವರು ವಿಂಡೋಸಿನಲ್ಲೇ ಇರುವುದು ಒಳ್ಳೆಯದು.

ಹೊರಡುವ ದಿನ ಬೆಳಿಗ್ಗೆ, ಹುಡುಕುವ ಪೆಟ್ಟಿಗೆ ತೋರಿಸಿ “ಇಲ್ಲಿ ಕನ್ನಡದಲ್ಲೇ ಏನಾದರೂ ಬರೆಯಿರಿ” ಎಂದೆ. ಹಳೆಯ ಕಡತಗಳಲ್ಲಿ ಇದು ಸಾಧ್ಯವೇ ಇರಲಿಲ್ಲ. ಕಂಪ್ಯೂಟರಿಗೆ ಅವು ಕನ್ನಡವೇ ಆಗಿರಲಿಲ್ಲವಲ್ಲ. ಚಿಕ್ಕಪ್ಪ ತುಸು ಯೋಚಿಸಿ, ಈಗ ಹೂಳು ತುಂಬಿ ಗದ್ದೆಯಾಗಿರುವ ಒಂದು ಕೆರೆಯ ಹೆಸರು ಬರೆದರು. ನಾಲ್ಕು ಕಡತಗಳು ಬಂದವು. ಮೂರು ಅವರಿಗೆ ನೆನಪಿದ್ದವು. ನಾಲ್ಕನೆಯದು 2006ರದು, ಅಜ್ಜಿ ಆ ಕೆರೆಗೆ ಬಾಗಿನ ಕೊಟ್ಟ ದಿನ ಹೇಳಿದ್ದೊಂದು ಪದ, ಎಂಟು ಸಾಲು. ಅದನ್ನು ಬರೆದುಕೊಂಡದ್ದನ್ನೇ ಅವರು ಮರೆತಿದ್ದರು. ನನ್ನ ಬಸ್ಸಿನ ಹೊತ್ತಾಗುತ್ತಿತ್ತು. ಅವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, “ಇವಳೇ, ಬಾ ಇಲ್ಲಿ” ಎಂದು ಚಿಕ್ಕಮ್ಮನನ್ನು ಕೂಗಿದರು.