ಮೂರನೇ ಸ್ಥಾನದ ಪಂದ್ಯ ನಿಜಕ್ಕೂ ‘ವೇಸ್ಟ್’ ಪಂದ್ಯವೇ?

ಫುಟ್‌ಬಾಲ್ ವಿಶ್ವಕಪ್‌ನ ಸೆಮಿಫೈನಲ್‌ಗಳು ಮುಗಿದವೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡತೊಡಗುತ್ತದೆ: ‘ಮೂರನೇ ಸ್ಥಾನದ ಪಂದ್ಯ ಯಾರಿಗೂ ಬೇಡವಾದ ಪಂದ್ಯ. ಆಟಗಾರರು ಸುಮ್ಮನೆ ಓಡಾಡಿ ಬರುತ್ತಾರೆ. ಗೆದ್ದರೂ ಏನೂ ಸಿಗುವುದಿಲ್ಲ. ಟಿಕೆಟ್ ಮಾರುವ ಉಪಾಯ ಅಷ್ಟೇ.’ ನಾವೂ ಒಂದು ನಗುವ ಎಮೋಜಿ ಸೇರಿಸಿ ಅದನ್ನು ಮುಂದಕ್ಕೆ ಕಳಿಸಿರುತ್ತೇವೆ.

ಆದರೆ 2021ರ ಆಗಸ್ಟ್ 5ರ ಬೆಳಗ್ಗೆ ಇದೇ ನಾವು ಟಿವಿ ಮುಂದೆ ಕುಣಿದಿದ್ದೆವು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ಹಾಕಿ ತಂಡ ಜರ್ಮನಿಯನ್ನು 5-4ರಿಂದ ಸೋಲಿಸಿ, 41 ವರ್ಷಗಳ ಬಳಿಕ ಪದಕ ತಂದಿತ್ತು. ಅದು ಯಾವ ಪಂದ್ಯ? ಮೂರನೇ ಸ್ಥಾನದ ಪಂದ್ಯವೇ! ಹಾಗಾದರೆ ಹಾಕಿಯಲ್ಲಿ ಹೆಮ್ಮೆಯಾದದ್ದು ಫುಟ್‌ಬಾಲ್‌ನಲ್ಲಿ ವೇಸ್ಟ್ ಹೇಗಾಯಿತು? ಆ ಸಂದೇಶದ ಒಂದೊಂದೇ ಮಾತನ್ನು ಪರಿಶೀಲಿಸೋಣ.

ಈ ಪಂದ್ಯ ಶುರುವಾದದ್ದು ಯಾವಾಗ?

1930ರ ಮೊದಲ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನದ ಪಂದ್ಯ ನಡೆಯಲಿಲ್ಲ. ಸೆಮಿಫೈನಲ್‌ನಲ್ಲಿ ಸೋತ ಅಮೆರಿಕ ಮತ್ತು ಯುಗೊಸ್ಲಾವಿಯಾ ತಂಡಗಳು ಮನೆಗೆ ಹೋದವು. ಹಲವು ದಶಕಗಳ ಬಳಿಕ ಫಿಫಾ ಒಟ್ಟಾರೆ ಸಾಧನೆ ನೋಡಿ ಅಮೆರಿಕಕ್ಕೆ ಮೂರನೇ ಸ್ಥಾನ ಕೊಟ್ಟಿತು. 1934ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಜರ್ಮನಿ 3-2ರಿಂದ ಆಸ್ಟ್ರಿಯಾವನ್ನು ಸೋಲಿಸಿದ್ದೇ ವಿಶ್ವಕಪ್‌ನ ಮೊದಲ ಮೂರನೇ ಸ್ಥಾನದ ಪಂದ್ಯ. 1950ರಲ್ಲಿ ಕೊನೆಯ ಹಂತವನ್ನು ನಾಲ್ಕು ತಂಡಗಳ ಲೀಗ್ ಮಾದರಿಯಲ್ಲಿ ಆಡಿಸಿದ್ದರಿಂದ ಇಂಥ ಪಂದ್ಯ ಇರಲಿಲ್ಲ. ಅದನ್ನು ಬಿಟ್ಟರೆ 2022ರವರೆಗೆ ಪ್ರತಿ ವಿಶ್ವಕಪ್‌ನಲ್ಲೂ ಆಡಿದ್ದಾರೆ. ಒಟ್ಟು 20 ಪಂದ್ಯಗಳು.

ಮಾತು 1: ‘ಆಟಗಾರರು ಮನಸ್ಸಿಟ್ಟು ಆಡುವುದಿಲ್ಲ’

ನಾವು ಅಂಕಿಅಂಶ ಕೂಡಿಸಿ ನೋಡಿದೆವು. 1978ರಿಂದ 2022ರವರೆಗಿನ 12 ಮೂರನೇ ಸ್ಥಾನದ ಪಂದ್ಯಗಳಲ್ಲಿ ಬಂದ ಗೋಲುಗಳು 46. ಅದೇ 12 ವಿಶ್ವಕಪ್‌ಗಳ ಫೈನಲ್‌ನಲ್ಲಿ ಬಂದದ್ದು 35 (ಪೆನಾಲ್ಟಿ ಶೂಟೌಟ್ ಲೆಕ್ಕಕ್ಕಿಲ್ಲ). 1994ರ ಫೈನಲ್‌ನಲ್ಲಿ 120 ನಿಮಿಷ ಆಡಿದರೂ ಒಂದು ಗೋಲೂ ಬರಲಿಲ್ಲ. ಅದೇ ವರ್ಷ ಮೂರನೇ ಸ್ಥಾನಕ್ಕಾಗಿ ಸ್ವೀಡನ್ 4-0ಯಿಂದ ಬಲ್ಗೇರಿಯಾವನ್ನು ಸೋಲಿಸಿತ್ತು.

ಗೋಲು ಹೆಚ್ಚು ಬಂದರೆ ಶ್ರಮವೂ ಹೆಚ್ಚು ಎಂದೇನೂ ಅಲ್ಲ. ಸೋಲುವ ಭಯ ಕಡಿಮೆ ಇದ್ದಾಗ ತಂಡಗಳು ಕೈಬಿಚ್ಚಿ ಆಡುತ್ತವೆ, ರಕ್ಷಣೆ ಸಡಿಲವಾಗುತ್ತದೆ. ಆದರೆ ‘ಬೋರ್ ಪಂದ್ಯ’ ಎಂಬ ಮಾತಂತೂ ನಿಲ್ಲುವುದಿಲ್ಲ. 2002ರಲ್ಲಿ ಟರ್ಕಿಯ ಹಕನ್ ಸುಕುರ್ ದಕ್ಷಿಣ ಕೊರಿಯಾ ವಿರುದ್ಧ ಆಟ ಶುರುವಾದ 11ನೇ ಸೆಕೆಂಡಿಗೆ ಗೋಲು ಹೊಡೆದರು. ವಿಶ್ವಕಪ್‌ನ ಅತಿ ವೇಗದ ಗೋಲು ಎಂಬ ಆ ದಾಖಲೆ ಬಂದದ್ದು ಮೂರನೇ ಸ್ಥಾನದ ಪಂದ್ಯದಲ್ಲಿ. 2022ರಲ್ಲಿ ಮೊರಾಕೊ ವಿರುದ್ಧದ ಪಂದ್ಯದಲ್ಲಿ ಗಾಯಗೊಂಡು ಹೊರನಡೆದ ಕ್ರೊವೇಷಿಯಾದ ಕ್ರಮಾರಿಚ್ ಅತ್ತೇಬಿಟ್ಟರು. ಕಾಟಾಚಾರಕ್ಕೆ ಆಡುವವರು ಹಾಗೆ ಅಳುವುದಿಲ್ಲ.

ಮಾತು 2: ‘ಗೆದ್ದರೂ ಏನೂ ಸಿಗುವುದಿಲ್ಲ’

ಇದು ತಪ್ಪು. ಗೆದ್ದ ತಂಡಕ್ಕೆ ಕಂಚಿನ ಪದಕ ಸಿಗುತ್ತದೆ. ಹಣವೂ ಹೆಚ್ಚು ಸಿಗುತ್ತದೆ. 2022ರಲ್ಲಿ ಮೂರನೇ ಸ್ಥಾನಕ್ಕೆ 2.7 ಕೋಟಿ ಡಾಲರ್, ನಾಲ್ಕನೆಯದಕ್ಕೆ 2.5 ಕೋಟಿ ಡಾಲರ್ ಇತ್ತು. ಆ 20 ಲಕ್ಷ ಡಾಲರ್ ವ್ಯತ್ಯಾಸ ಆಗಿನ ಲೆಕ್ಕದಲ್ಲಿ ಸುಮಾರು 16 ಕೋಟಿ ರೂಪಾಯಿ.

ಇಲ್ಲಿ ಹೊಡೆದ ಗೋಲುಗಳು ಗೋಲ್ಡನ್ ಬೂಟ್ ಲೆಕ್ಕಕ್ಕೂ ಸೇರುತ್ತವೆ. 1958ರಲ್ಲಿ ಫ್ರಾನ್ಸ್‌ನ ಜಸ್ಟ್ ಫೊಂಟೇನ್ ಒಂದೇ ವಿಶ್ವಕಪ್‌ನಲ್ಲಿ 13 ಗೋಲು ಹೊಡೆದರು. ಅದರಲ್ಲಿ ನಾಲ್ಕು ಬಂದದ್ದು ಪಶ್ಚಿಮ ಜರ್ಮನಿ ವಿರುದ್ಧದ ಮೂರನೇ ಸ್ಥಾನದ ಪಂದ್ಯದಲ್ಲಿ. 1990ರಲ್ಲಿ ಇಟಲಿಯ ಸ್ಕಿಲಾಚಿ, 1998ರಲ್ಲಿ ಕ್ರೊವೇಷಿಯಾದ ಸುಕೆರ್ ಇಬ್ಬರೂ ತಮ್ಮ ಆರನೇ ಗೋಲನ್ನು ಇದೇ ಪಂದ್ಯದಲ್ಲಿ ಹೊಡೆದು ಉಳಿದವರಿಗಿಂತ ಒಂದು ಗೋಲು ಮುಂದೆ ಹೋದರು.

ಇದಕ್ಕಿಂತ ದೊಡ್ಡದು ಮನಸ್ಸಿನ ಲೆಕ್ಕ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಟಿವಿ ದೃಶ್ಯಗಳನ್ನು ಇಟ್ಟುಕೊಂಡು ಮೆಡ್ವೆಕ್, ಮೇಡಿ ಮತ್ತು ಗಿಲೊವಿಚ್ ಎಂಬ ಮೂವರು ಮನೋವಿಜ್ಞಾನಿಗಳು ಅಧ್ಯಯನ ಮಾಡಿದರು. 1995ರಲ್ಲಿ ಪ್ರಕಟವಾದ ಅದರ ಪ್ರಕಾರ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಖುಷಿಯಾಗಿ ಕಂಡರು. ಬೆಳ್ಳಿಯವರು ‘ಚಿನ್ನ ತಪ್ಪಿತಲ್ಲ’ ಎಂದು ಕೊರಗಿದರೆ, ಕಂಚಿನವರು ‘ಸದ್ಯ, ಬರಿಗೈಲಿ ಹೋಗಲಿಲ್ಲ’ ಎಂದುಕೊಳ್ಳುತ್ತಾರೆ ಎನ್ನುವುದು ಅವರ ವಿವರಣೆ. ಫುಟ್‌ಬಾಲ್‌ನಲ್ಲೂ ಹಾಗೆಯೇ: ಫೈನಲಿಸ್ಟ್‌ಗಳಲ್ಲಿ ಒಂದು ತಂಡ ಸೋತು ಹೋಗುತ್ತದೆ, ಮೂರನೇ ತಂಡ ಗೆದ್ದು ಹೋಗುತ್ತದೆ.

ಮಾತು 3: ‘ಟಿಕೆಟ್ ಮಾರುವ ಉಪಾಯ’

ಇದರಲ್ಲಿ ಸ್ವಲ್ಪ ನಿಜವಿದೆ. ಒಂದು ಪಂದ್ಯ ಹೆಚ್ಚಾದರೆ ಟಿಕೆಟ್, ಜಾಹೀರಾತು ಎರಡೂ ಹೆಚ್ಚುತ್ತವೆ. ಆದರೆ ವಿರೋಧಿಸುವವರ ಬಳಿ ಇದಕ್ಕಿಂತ ಗಟ್ಟಿಯಾದ ವಾದವೊಂದಿದೆ. ಅದು ದೇಹದ್ದು.

ಜೋರಿನ ಪಂದ್ಯವೊಂದನ್ನು ಆಡಿದ ಮೇಲೆ ಸ್ನಾಯುಗಳು ಪೂರ್ತಿ ಸುಧಾರಿಸಿಕೊಳ್ಳಲು ಸುಮಾರು 72 ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. 2022ರಲ್ಲಿ ಮೊರಾಕೊ ಡಿಸೆಂಬರ್ 14ರ ರಾತ್ರಿ ಸೆಮಿಫೈನಲ್ ಆಡಿ 17ರಂದು ಮತ್ತೆ ಮೈದಾನಕ್ಕಿಳಿಯಿತು. ಕ್ರೊವೇಷಿಯಾಕ್ಕೆ ಒಂದು ದಿನ ಹೆಚ್ಚು ವಿಶ್ರಾಂತಿ ಸಿಕ್ಕಿತ್ತು. 2014ರಲ್ಲಿ ನೆದರ್ಲೆಂಡ್ಸ್ ಕೋಚ್ ಲೂಯಿ ವಾನ್ ಗಾಲ್ ಇದೇ ಅಸಮಾನತೆಯನ್ನು ಎತ್ತಿ ಹೇಳಿ, ಈ ಪಂದ್ಯವನ್ನೇ ಆಡಿಸಬಾರದು ಎಂದಿದ್ದರು. ಹಾಗೆಂದ ಅವರ ತಂಡವೇ ಆತಿಥೇಯ ಬ್ರೆಜಿಲನ್ನು 3-0ಯಿಂದ ಸೋಲಿಸಿತು! ಸೆಮಿಫೈನಲ್‌ನಲ್ಲಿ ಜರ್ಮನಿಗೆ 1-7ರಿಂದ ಸೋತಿದ್ದ ಬ್ರೆಜಿಲ್‌ಗೆ ತನ್ನ ಜನರೆದುರು ಅದು ಗಾಯದ ಮೇಲೆ ಬಿದ್ದ ಬರೆ.

ಈ ಪಂದ್ಯ ಇಲ್ಲದೆಯೂ ನಡೆಯುತ್ತದೆಯೇ?

ನಡೆಯುತ್ತದೆ. ಯುರೋ ಕಪ್‌ನಲ್ಲಿ 1980ರ ಬಳಿಕ ಮೂರನೇ ಸ್ಥಾನದ ಪಂದ್ಯ ಇಲ್ಲ. ಏಷ್ಯನ್ ಕಪ್‌ನಲ್ಲಿ 2015ರದ್ದೇ ಕೊನೆಯದು. ಆಫ್ರಿಕಾ ಕಪ್, ಕೋಪಾ ಅಮೆರಿಕ ಇನ್ನೂ ಉಳಿಸಿಕೊಂಡಿವೆ. ಒಲಿಂಪಿಕ್ ಬಾಕ್ಸಿಂಗ್‌ನಲ್ಲಂತೂ ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ಕೊಡುತ್ತಾರೆ. ವಿಜೇಂದರ್ ಸಿಂಗ್, ಮೇರಿ ಕೋಮ್, ಲವ್ಲೀನಾ ಬೊರ್ಗೊಹೈನ್ ಪದಕ ಪಡೆದದ್ದು ಹೀಗೆ, ಮೂರನೇ ಸ್ಥಾನಕ್ಕೆ ಬೇರೆ ಪಂದ್ಯ ಆಡದೆ.

ಈ ನಿಯಮ ಫುಟ್‌ಬಾಲ್‌ನಲ್ಲೂ ಇದ್ದಿದ್ದರೆ? ಇಲ್ಲಿ ನಮ್ಮದೇ ಕಥೆ ಬರುತ್ತದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತ್ತು. ಬೆಂಗಳೂರಿನ ಕೆಂಪಯ್ಯ ಕೂಡ ಆ ತಂಡದಲ್ಲಿದ್ದರು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾಕ್ಕೆ ಸೋತ ಮೇಲೆ ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ನಮ್ಮನ್ನು 3-0ಯಿಂದ ಸೋಲಿಸಿತು. ಆ ಪಂದ್ಯ ಆಡಿಸದೆ ಕಂಚು ಹಂಚಿದ್ದರೆ ಭಾರತದ ಬಳಿ ಇಂದು ಒಲಿಂಪಿಕ್ ಫುಟ್‌ಬಾಲ್ ಪದಕ ಇರುತ್ತಿತ್ತು.

ಇನ್ನೊಂದು ಬದಿಯನ್ನೂ ನೋಡಿ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತ ಕೊನೆಯ ಸಲ ಪದಕ ಗೆದ್ದದ್ದು 1970ರಲ್ಲಿ, ಬ್ಯಾಂಕಾಕ್‌ನಲ್ಲಿ. ಜಪಾನ್ ವಿರುದ್ಧ 1-0ಯಿಂದ ಗೆದ್ದ ಆ ಪಂದ್ಯವೂ ಮೂರನೇ ಸ್ಥಾನದ್ದೇ. 2025ರ ಸೆಪ್ಟೆಂಬರ್‌ನಲ್ಲಿ ಮಧ್ಯ ಏಷ್ಯಾದ ನೇಷನ್ಸ್ ಕಪ್‌ನಲ್ಲಿ ಶ್ರೇಯಾಂಕದಲ್ಲಿ ನಮಗಿಂತ ಬಹಳ ಮೇಲಿದ್ದ ಒಮಾನ್ ತಂಡವನ್ನು ಭಾರತ ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿದ್ದೂ ಇಂಥದೇ ಪಂದ್ಯದಲ್ಲಿ. ಮೂರನೇ ಸ್ಥಾನದ ಪಂದ್ಯ ನಮ್ಮಿಂದ ಕಿತ್ತುಕೊಂಡದ್ದೂ ಇದೆ, ನಮಗೆ ಕೊಟ್ಟದ್ದೂ ಇದೆ.

ಹಾಗಾದರೆ ಆಡಿಸಬೇಕೋ ಬೇಡವೋ?

ಉತ್ತರ, ಯಾರನ್ನು ಕೇಳುತ್ತೀರಿ ಎನ್ನುವುದರ ಮೇಲಿದೆ. ಕಪ್ ನಮ್ಮದೇ ಎಂದುಕೊಂಡು ಬಂದ ಬ್ರೆಜಿಲ್‌ನಂಥ ತಂಡಕ್ಕೆ ಅದು ಶಿಕ್ಷೆ. ಸೆಮಿಫೈನಲ್‌ವರೆಗೆ ಬಂದದ್ದೇ ಇತಿಹಾಸವಾದ ತಂಡಕ್ಕೆ ಅದು ಮೊಮ್ಮಕ್ಕಳಿಗೆ ಹೇಳುವ ಕಥೆ. 40 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಕ್ರೊವೇಷಿಯಾ 1998 ಮತ್ತು 2022ರಲ್ಲಿ ಗೆದ್ದ ಎರಡೂ ಕಂಚು ಬಂದದ್ದು ಈ ಪಂದ್ಯದಿಂದಲೇ.

ನಮಗೆ ಕಾಣುವಂತೆ ತಕರಾರು ಇರಬೇಕಾದದ್ದು ಪಂದ್ಯದ ಬಗ್ಗೆ ಅಲ್ಲ, ವೇಳಾಪಟ್ಟಿಯ ಬಗ್ಗೆ. ಎರಡೂ ತಂಡಗಳಿಗೆ ಸಮನಾದ, ಸಾಕಷ್ಟು ವಿಶ್ರಾಂತಿ ಕೊಟ್ಟು ಆಡಿಸಿದರೆ ಆಡಲು ಯೋಗ್ಯವಾದ ಪಂದ್ಯವೇ ಇದು. ಅಷ್ಟು ಬಿಡುವು ಕೊಡಲಾಗದಿದ್ದರೆ ಬಾಕ್ಸಿಂಗ್‌ನಂತೆ ಇಬ್ಬರಿಗೂ ಕಂಚು ಕೊಡುವುದು ಮೇಲು.

ಮುಂದಿನ ಸಲ ‘ವೇಸ್ಟ್ ಪಂದ್ಯ’ ಎಂಬ ಫಾರ್ವರ್ಡ್ ಬಂದರೆ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ಆ ಪಂದ್ಯದಲ್ಲಿ ಭಾರತ ಆಡುತ್ತಿದ್ದರೆ ನೀವು ಟಿವಿ ಆಫ್ ಮಾಡುತ್ತಿದ್ದಿರಾ?