ಮಳಿಗೆಯ ಒಳಾಂಗಣ ಕಾಮಗಾರಿ: ಒಬ್ಬ ಗುತ್ತಿಗೆದಾರ, ಒಂದೇ ಹೊಣೆ

ಬಾಡಿಗೆಗೆ ಪಡೆದ ಖಾಲಿ ಜಾಗವನ್ನು ಮಳಿಗೆಯಾಗಿ ಸಜ್ಜುಗೊಳಿಸುವಾಗ ವೈರಿಂಗ್, ಕೊಳಾಯಿ, ಮರಗೆಲಸ, ಫಾಲ್ಸ್ ಸೀಲಿಂಗ್, ಬಣ್ಣ ಇವುಗಳನ್ನು ಬೇರೆ ಬೇರೆಯವರಿಗೆ ವಹಿಸುವುದು ಮೇಲ್ನೋಟಕ್ಕೆ ಅಗ್ಗವೆನಿಸುತ್ತದೆ. ಆದರೆ ಸೀಲಿಂಗ್ ಮುಚ್ಚಿದ ಮೇಲೆ ವೈರಿಂಗ್‌ನಲ್ಲಿ ದೋಷ ಕಂಡುಬಂದರೆ, ಅದನ್ನು ಬಿಚ್ಚಿ ಮತ್ತೆ ಕೂರಿಸುವ ವೆಚ್ಚ ಯಾರದೆಂಬ ವಿವಾದ ಮಾಲೀಕನ ತಲೆಗೇ ಬರುತ್ತದೆ. ಮಳಿಗೆ ತೆರೆಯದಿದ್ದರೂ ಬಾಡಿಗೆ ನಿಲ್ಲುವುದಿಲ್ಲ.

ಇಡೀ ಕಾಮಗಾರಿಯನ್ನು ಒಬ್ಬ ಪ್ರಧಾನ ಗುತ್ತಿಗೆದಾರನಿಗೆ ಒಪ್ಪಿಸಿದಲ್ಲಿ ಕೆಲಸಗಳ ಅನುಕ್ರಮ, ಸಾಮಗ್ರಿಯ ಪೂರೈಕೆ, ಉಪಗುತ್ತಿಗೆದಾರರ ಮೇಲ್ವಿಚಾರಣೆ ಎಲ್ಲವೂ ಅವನ ಪಾಲಿಗೆ ಸೇರುತ್ತವೆ. ಇದಕ್ಕಾಗಿ ಅವನು ದರದಲ್ಲಿ ತನ್ನ ಲಾಭಾಂಶವನ್ನು ಸೇರಿಸುವುದು ಸಹಜ. ಆ ಹೆಚ್ಚುವರಿ ಮೊತ್ತವನ್ನು, ಕೆಲಸ ತಡವಾದಲ್ಲಿ ವ್ಯರ್ಥವಾಗುವ ಬಾಡಿಗೆಯೊಡನೆ ಹೋಲಿಸಿ ನಿರ್ಧರಿಸಬೇಕು.

ಈ ಹೊಣೆ ಬಾಯಿಮಾತಿನಲ್ಲಿ ಉಳಿಯಬಾರದು. ಕೆಲಸದ ವ್ಯಾಪ್ತಿ, ಸಾಮಗ್ರಿಯ ದರ್ಜೆ, ಮುಗಿಸಬೇಕಾದ ದಿನಾಂಕ, ಹೆಚ್ಚುವರಿ ಕೆಲಸಕ್ಕೆ ಮುಂಚಿತವಾಗಿ ಲಿಖಿತ ಒಪ್ಪಿಗೆ ಇವೆಲ್ಲ ಕರಾರುಪತ್ರದಲ್ಲಿರಬೇಕು. ಮುಂಗಡ ಮಿತವಾಗಿರಲಿ, ಉಳಿದ ಹಣವನ್ನು ಮುಗಿದ ಕೆಲಸವನ್ನು ಅಳೆದು ಹಂತಹಂತವಾಗಿ ಪಾವತಿಸುವುದು ಲೇಸು. ಪ್ರತಿ ಬಿಲ್ಲಿನ ಒಂದು ಅಂಶವನ್ನು ದೋಷ ದುರಸ್ತಿಯ ಅವಧಿ ಮುಗಿಯುವವರೆಗೆ ತಡೆಹಿಡಿಯುವ ಷರತ್ತೂ ಅಗತ್ಯ.

ವಿಳಂಬಕ್ಕೆ ಪರಿಹಾರದ ಮೊತ್ತವನ್ನೂ ನಮೂದಿಸಬೇಕು. ಆದರೆ 1872ರ ಭಾರತೀಯ ಕರಾರು ಅಧಿನಿಯಮದ 74ನೆಯ ಪ್ರಕರಣದಂತೆ ಆ ಮೊತ್ತ ಗರಿಷ್ಠ ಮಿತಿ ಮಾತ್ರ. ನ್ಯಾಯಾಲಯವು ಅದರೊಳಗೆ ಸಮಂಜಸವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ. ಆದುದರಿಂದ ಬಾಡಿಗೆಯ ರಸೀದಿ, ನಡೆಸಿದ ಪತ್ರವ್ಯವಹಾರ ಹಾಗೂ ಕೆಲಸದ ದಿನಚರಿಯನ್ನು ಕಾಪಾಡಿಕೊಳ್ಳುವುದು ಮಾಲೀಕನಿಗೇ ಕ್ಷೇಮ.