ಪದವಿನಿಂದ ಕೀಳಬೇಡಿ, ಬಾಟಲಿಯಲ್ಲಿ ಬೆಳೆಸಿ



ಆಟಿ ಕಳೆದು ಸೋಣ ಬಂತೆಂದರೆ ನಮ್ಮ ಮುರಕಲ್ಲಿನ ಪದವುಗಳ ಮೇಲೆ ನೀಲಿ ಹೂವಿನ ಹಾಸು ಏಳುತ್ತದೆ. ಮಲಯಾಳದಲ್ಲಿ ಅದಕ್ಕೆ ಕಾಕ್ಕಪ್ಪೂವು ಎನ್ನುತ್ತಾರೆ. ಓಣಂ ಹಬ್ಬಕ್ಕೆ ನೆರೆಮನೆಯ ಮಕ್ಕಳು ಹೂವಿನ ರಂಗೋಲಿಗೆಂದು ಅದನ್ನು ಕೊಯ್ದು ತರುವುದನ್ನು ನಾವೆಲ್ಲ ನೋಡಿದ್ದೇವೆ. ಆ ಪುಟ್ಟ ಗಿಡ ಮಾಂಸಾಹಾರಿ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಯುಟ್ರಿಕ್ಯುಲೇರಿಯ ಕುಲಕ್ಕೆ ಸೇರಿದ ಇದು ಒದ್ದೆ ಮಣ್ಣಿನೊಳಗೆ ಸಾಸಿವೆಗಿಂತ ಚಿಕ್ಕದಾದ ಚೀಲಗಳನ್ನು ಬೆಳೆಸುತ್ತದೆ. ಈಜುವ ಸೂಕ್ಷ್ಮಜೀವಿ ಚೀಲದ ಬಾಯಿಯ ಕೂದಲನ್ನು ತಾಗಿದರೆ ಸಾಕು, ಕಣ್ಣೆವೆ ಮುಚ್ಚುವುದರೊಳಗೆ ಅದು ನೀರಿನ ಸಮೇತ ಒಳಕ್ಕೆ ಹೋಗಿರುತ್ತದೆ.

ಅದರ ಪಕ್ಕದಲ್ಲೇ ಬಗ್ಗಿ ನೋಡಿದರೆ ಡ್ರಾಸಿರಾ ಇಂಡಿಕಾ ಕಾಣಸಿಗುತ್ತದೆ. ನೂಲಿನಂಥ ಎಲೆ, ಎಲೆಯ ತುಂಬ ಕೂದಲು, ಪ್ರತಿ ಕೂದಲಿನ ತುದಿಯಲ್ಲಿ ಒಂದೊಂದು ಅಂಟಿನ ಹನಿ. ಬಿಸಿಲು ಏರಿದರೂ ಆರದ ಈ ಇಬ್ಬನಿಗೆ ಮರುಳಾಗಿ ಬಂದು ಕುಳಿತ ನುಸಿ, ನೊಣ ಮತ್ತೆ ಏಳುವುದಿಲ್ಲ. ಡ್ರಾಸಿರಾ ಗಿಡಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದ ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಒಂದು ಇಡೀ ಗ್ರಂಥವನ್ನೇ ಬರೆದರು.

ಗಿಡಕ್ಕೇಕೆ ಈ ಕೀಟದ ಆಸೆ? ಪದವಿನ ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ. ಬೇರಿಗೆ ಸಿಗದ ಆಹಾರವನ್ನು ಇವು ಎಲೆಯಿಂದ ಸಂಪಾದಿಸುತ್ತವೆ. ನಾವು ಬಂಜರು ಎಂದು ಕರೆದು ಕಲ್ಲುಕೋರೆಗೆ ಬಿಟ್ಟುಕೊಡುವ ಜಾಗವೇ ಇವಕ್ಕೆ ಹೇಳಿಮಾಡಿಸಿದ ಮನೆ. ಅಲ್ಲಿಗೆ ಗೊಬ್ಬರದ ನೀರು ಹರಿದುಬಂದರೆ ಹುಲ್ಲು ಎತ್ತರಕ್ಕೆ ಬೆಳೆದು ಇವನ್ನು ಮುಚ್ಚಿಬಿಡುತ್ತದೆ.

ಈ ಗಿಡಗಳನ್ನು ಕಿತ್ತು ತಂದು ಚಟ್ಟಿಯಲ್ಲಿ ನೆಡಬಹುದೇ, ಮಾರಬಹುದೇ ಎಂದು ಯುವಕರು ಕೇಳುತ್ತಾರೆ. ಬೇಡ ಎಂದೇ ನಮ್ಮ ಉತ್ತರ. ಹಟ್ಟಿಗೊಬ್ಬರ ಹಾಕಿದ ಚಟ್ಟಿಯಲ್ಲಿ ಡ್ರಾಸಿರಾ ಹೆಚ್ಚು ದಿನ ಬಾಳುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ. ಡ್ರಾಸಿರಾ ಇಂಡಿಕಾದ ಆಯುಷ್ಯ ಒಂದೇ ಮಳೆಗಾಲ. ಬೀಜ ಉದುರುವ ಮೊದಲೇ ಕಿತ್ತರೆ ಮುಂದಿನ ವರ್ಷ ಆ ಜಾಗದಲ್ಲಿ ಹುಟ್ಟಲು ಏನೂ ಉಳಿಯುವುದಿಲ್ಲ.

ಆಸಕ್ತಿಯುಳ್ಳವರಿಗೆ ಬೇರೆ ದಾರಿಯಿದೆ. ಟಿಶ್ಯೂ ಕಲ್ಚರ್ ಬಾಳೆ ನಮ್ಮ ತೋಟಗಳಿಗೆ ಹೊಸದಲ್ಲ. ಅದೇ ಅಂಗಾಂಶ ಕೃಷಿಯನ್ನು ಡ್ರಾಸಿರಾದಂಥ ಸಣ್ಣ ಗಿಡಕ್ಕೆ ಅಡುಗೆಮನೆಯಲ್ಲೇ ಮಾಡಬಹುದು. ಗಿಡದ ಚೂರನ್ನಾಗಲಿ ಬೀಜವನ್ನಾಗಲಿ ರೋಗಾಣುಗಳಿಲ್ಲದ ಬಾಟಲಿಯಲ್ಲಿ, ಆಹಾರ ಬೆರೆಸಿದ ಲೋಳೆಯ ಮೇಲೆ ಬೆಳೆಸುವುದೇ ಇದರ ಗುಟ್ಟು. ಹೊಸಬರು ಬೀಜದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಎಲೆಯ ಚೂರನ್ನು ಶುದ್ಧಿಮಾಡುವುದು ಕಷ್ಟ. ನಮ್ಮ ಪದವಿನ ಇಂಡಿಕಾದ ಬೀಜ ಬೇಸಗೆಯ ಒಣ ಬಿಸಿಯನ್ನು ಕಂಡು ಮಳೆಗೆ ಏಳುವಂಥದು, ಬಾಟಲಿಯಲ್ಲಿ ಹಟ ಮಾಡುತ್ತದೆ. ಹವ್ಯಾಸಿಗಳು ಮನೆಯಲ್ಲೇ ಬೆಳೆಸಿ ಮಾರುವ ಡ್ರಾಸಿರಾ ಬರ್ಮಾನಿ ಅಥವಾ ಸ್ಪ್ಯಾಟುಲೇಟಾ ಬೀಜ ಮೊದಲ ಪ್ರಯತ್ನಕ್ಕೆ ಸಾಕು.

ಲೋಳೆಗೆ ಬೇಕಾದ ಲವಣದ ಪುಡಿಗೆ ಎಂ.ಎಸ್. ಎಂದು ಹೆಸರು. ಮುರಾಶಿಗೆ ಮತ್ತು ಸ್ಕೂಗ್ ಎಂಬ ಇಬ್ಬರು ವಿಜ್ಞಾನಿಗಳು 1962ರಲ್ಲಿ ತಂಬಾಕಿನ ಅಂಗಾಂಶಕ್ಕಾಗಿ ಸಿದ್ಧಪಡಿಸಿದ ಮಿಶ್ರಣವಿದು. ಬಡ ಮಣ್ಣಿನ ಗಿಡಕ್ಕೆ ಅದರ ಪೂರ್ತಿ ಪ್ರಮಾಣ ಹೆಚ್ಚಾಗುತ್ತದೆ, ಅರ್ಧ ಸಾಕು. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು 2.2 ಗ್ರಾಂ ಪುಡಿ, 20ರಿಂದ 30 ಗ್ರಾಂ ಸಕ್ಕರೆ, 7 ಗ್ರಾಂ ಅಗರ್. ಅಗರ್ ಎಂದರೆ ನಮ್ಮ ಹೆಣ್ಣುಮಕ್ಕಳು ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್. ಹುಳಿಯ ಅಳತೆ, ಅಂದರೆ ಪಿ.ಎಚ್., 5.7ರ ಆಸುಪಾಸಿನಲ್ಲಿರಬೇಕು. ಬಣ್ಣ ಬದಲಾಯಿಸುವ ಕಾಗದದಿಂದ ನೋಡಿ, ಬೇಕಾದರೆ ಚಿಟಿಕೆ ಅಡುಗೆ ಸೋಡಾದಿಂದ ಅಥವಾ ಹನಿ ವಿನೆಗರಿನಿಂದ ಸರಿಪಡಿಸಿ. ಹಾರ್ಮೋನಿನ ಅಗತ್ಯ ಆರಂಭದಲ್ಲಿ ಇಲ್ಲ.

ಮಿಶ್ರಣವನ್ನು ಕುದಿಸಿ, ಜಾಮಿನ ಗಾಜಿನ ಬಾಟಲಿಗಳಿಗೆ ಎರಡು ಬೆರಳು ಎತ್ತರಕ್ಕೆ ಹೊಯ್ದು, ಮುಚ್ಚಳವನ್ನು ಸಡಿಲವಾಗಿಟ್ಟು ಪ್ರೆಷರ್ ಕುಕ್ಕರಿನಲ್ಲಿ ಇಡಿ. ಸೀಟಿ ಬಂದ ಮೇಲೆ ಉರಿ ತಗ್ಗಿಸಿ 20 ನಿಮಿಷ. ಕುಕ್ಕರಿನೊಳಗೆ ಹಬೆಯ ಬಿಸಿ ಸುಮಾರು 121 ಡಿಗ್ರಿಗೆ ಏರುತ್ತದೆ. ಬರಿಯ ಕುದಿಯುವ ನೀರಿಗೆ ಸಾಯದ ಬೀಜಾಣುಗಳೂ ಈ ಬಿಸಿಗೆ ಸಾಯುತ್ತವೆ. ಅವಸರದಿಂದ ವೈಟ್ ಎತ್ತಬೇಡಿ, ತಾನಾಗಿ ತಣಿಯಲಿ. ಚಿಮುಟ ಮತ್ತು ಒಂದು ಬಾಟಲಿ ನೀರನ್ನೂ ಅದರ ಜೊತೆಗೇ ಬೇಯಿಸಿಕೊಳ್ಳಿ.

ಬೀಜವನ್ನು ಶೋಧಕ ಕಾಗದದ ಪೊಟ್ಟಣದಲ್ಲಿ ಮಡಚಿ ಬ್ಲೀಚ್ ದ್ರಾವಣದಲ್ಲಿ 10 ನಿಮಿಷ ಮುಳುಗಿಸಬೇಕು. ಅಂಗಡಿಯ ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು. ಆಮೇಲೆ ಬೇಯಿಸಿದ ನೀರಿನಲ್ಲಿ ಮೂರು ಸಲ ತೊಳೆಯಿರಿ. ಇಲ್ಲಿ ಆರೋಗ್ಯದ ಎರಡು ಮಾತುಗಳನ್ನು ತಾಯಂದಿರೂ ಓದಬೇಕು. ಬ್ಲೀಚಿಗೆ ಕಕ್ಕಸು ತೊಳೆಯುವ ಆಸಿಡನ್ನು ಎಂದೂ ಸೇರಿಸಬೇಡಿ, ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲ ಏಳುತ್ತದೆ. ಕೈಗೆ ಸ್ಪಿರಿಟ್ ಹಚ್ಚಿಕೊಂಡು ದೀಪದ ಬಳಿ ಹೋಗಬೇಡಿ. ಪುಸ್ತಕಗಳಲ್ಲಿ ಚಿಮುಟವನ್ನು ಜ್ವಾಲೆಯಲ್ಲಿ ಕಾಯಿಸಲು ಹೇಳಿರುತ್ತದೆ. ಮನೆಯ ಕೆಲಸಕ್ಕೆ ಕುಕ್ಕರಿನಲ್ಲಿ ಬೆಂದ ಚಿಮುಟವೇ ಸಾಕು, ಬೆಂಕಿಯ ಗೊಡವೆ ಬೇಡ.

ಪಾರದರ್ಶಕ ಪ್ಲಾಸ್ಟಿಕ್ ಡಬ್ಬವೊಂದನ್ನು ಮಗ್ಗುಲಿಗೆ ಇಟ್ಟು, ಕೈ ತೂರುವಂತೆ ಎರಡು ತೂತು ಕೊರೆದರೆ ಪ್ರಯೋಗಾಲಯ ಸಿದ್ಧ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮಾತು ನಿಲ್ಲಿಸಿ. ಮಾತಾಡದೆ ಕೆಲಸ ಮಾಡುವುದು ನಮ್ಮಲ್ಲಿ ಕೆಲವರಿಗೆ ಎಲ್ಲಕ್ಕಿಂತ ಕಷ್ಟದ ಭಾಗ! ಬಾಟಲಿ ತೆರೆದು, ಬೀಜ ಉದುರಿಸಿ, ತಕ್ಷಣ ಮುಚ್ಚಿ, ತಾರೀಕು ಬರೆದಿಡಿ. ನೇರ ಬಿಸಿಲು ಬಿದ್ದರೆ ಒಳಗಿನ ಗಿಡ ಬೆಂದುಹೋಗುತ್ತದೆ, ಟ್ಯೂಬ್‌ಲೈಟಿನ ಕೆಳಗೆ ಒಂದಡಿ ದೂರದಲ್ಲಿ ಇಡಿ.

ಮೊದಲ ಸಲ ಅರ್ಧದಷ್ಟು ಬಾಟಲಿಗಳಿಗೆ ಬೂಷ್ಟು ಹಿಡಿದರೂ ಆಶ್ಚರ್ಯವಿಲ್ಲ. ಹತ್ತಿಯಂಥ ಬಿಳಿ ಬೂಷ್ಟಾಗಲಿ, ಹಾಲಿನಂಥ ಲೋಳೆಯಾಗಲಿ ಕಂಡರೆ ಮುಚ್ಚಳ ತೆರೆದು ಮೂಸಬೇಡಿ. ಹಾಗೆಯೇ ಕುಕ್ಕರಿನಲ್ಲಿ ಮತ್ತೆ ಅರ್ಧ ಗಂಟೆ ಬೇಯಿಸಿ ಚೆಲ್ಲಿ. ಶುದ್ಧವಾಗಿ ಉಳಿದ ಬಾಟಲಿಯಲ್ಲಿ ಕೆಲವು ವಾರಗಳಲ್ಲಿ ಹಸಿರು ಚುಕ್ಕೆಗಳು ಏಳುತ್ತವೆ. ಗಿಡ ಗುಂಪಾಗಿ ಬೆಳೆದ ಮೇಲೆ ಅದನ್ನು ಬಿಡಿಸಿ ಹೊಸ ಬಾಟಲಿಗಳಿಗೆ ಹಂಚುತ್ತ ಹೋದರೆ ಒಂದು ಚಿಟಿಕೆ ಬೀಜದಿಂದ ನೂರಾರು ಗಿಡಗಳಾಗುತ್ತವೆ.

ಹೊರಗೆ ತರುವಾಗ ಬೇರಿಗೆ ಹಿಡಿದ ಲೋಳೆಯನ್ನೆಲ್ಲ ತೊಳೆಯಬೇಕು, ಸಕ್ಕರೆ ಉಳಿದರೆ ಬೂಷ್ಟು ಬರುತ್ತದೆ. ಪೀಟ್ ಪಾಚಿ ಮತ್ತು ತೊಳೆದ ಹೊಳೆಮರಳು ಬೆರೆಸಿ ನೆಡಿ. ಕಡಲ ಮರಳು ಉಪ್ಪಿನದು, ಆಗದು. ಗೊಬ್ಬರ ಬೇಡವೇ ಬೇಡ. ಮಳೆನೀರನ್ನು ಮಾತ್ರ ಕೊಡಿ. ಬಾಟಲಿಯ ತೇವದಲ್ಲಿ ಬೆಳೆದ ಎಲೆ ಗಾಳಿಗೆ ಬಾಡುವುದರಿಂದ ಪಾರದರ್ಶಕ ಮುಚ್ಚಳವಿಟ್ಟು, ಮೂರು ನಾಲ್ಕು ವಾರ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ತೆರೆಯಿರಿ. ಹೊರಗಿನಿಂದ ತಂದ ಜಾತಿಯನ್ನು ಪದವಿನಲ್ಲಿ ನೆಡಬೇಡಿ.

ಇವು ಸೊಳ್ಳೆ ತಿಂದು ಡೆಂಗಿ ತಡೆಯುತ್ತವೆಂದು ಹೇಳಿ ಮಾರುವವರಿದ್ದಾರೆ. ನಂಬಬೇಡಿ. ಒಂದು ಗಿಡ ಹಿಡಿಯುವುದು ಅಷ್ಟಿಷ್ಟು ನುಸಿ ಮಾತ್ರ. ಅದರ ಚಟ್ಟಿಯ ಕೆಳಗಿನ ತಟ್ಟೆಯಲ್ಲಿ ನಿಂತ ನೀರಿನಲ್ಲಾದರೋ ವಾರ, ಹತ್ತು ದಿನಗಳಲ್ಲಿ ಸೊಳ್ಳೆಯ ಸಂಸಾರವೇ ಹೊರಬರಬಹುದು. ಮೂರು ದಿನಕ್ಕೊಮ್ಮೆ ತಟ್ಟೆಯನ್ನು ತಿಕ್ಕಿ ತೊಳೆದು ನೀರು ಬದಲಿಸಿ.

ಹೂಜಿಗಿಡದ ವಿಷಯ ಬೇರೆ. ಭಾರತದ ಒಂದೇ ಒಂದು ಹೂಜಿಗಿಡ ನೆಪೆಂಥಿಸ್ ಖಾಸಿಯಾನ ಮೇಘಾಲಯದ ಬೆಟ್ಟಗಳದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕಿದೆ. ಕಾಡಿನಿಂದ ಕೀಳುವುದು ಅಪರಾಧ, ಬೆಳೆಸಿ ಮಾರಲೂ ಪರವಾನಗಿ ಬೇಕು. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ದೂರವಿರಿ.

ಇದರಿಂದ ಲಾಭವೆಷ್ಟು ಎಂದು ಕೇಳುವವರಿಗೆ: ಕೊಳ್ಳುವವರು ಕಡಿಮೆ, ಸಾಲ ಮಾಡಿ ಇಳಿಯುವ ಕಸುಬಲ್ಲ. ಕೈ ಪಳಗಿದ ಮೇಲೆ ಬಾಳೆಯನ್ನೂ ಮನೆಯಲ್ಲೇ ಮಾಡೋಣವೆಂದು ಹೊರಡುವವರು ಒಂದು ವಿಷಯ ತಿಳಿದಿರಬೇಕು. ಬಾಟಲಿ ಬೂಷ್ಟನ್ನು ತಡೆಯುತ್ತದೆಯೇ ಹೊರತು ವೈರಸ್ಸನ್ನಲ್ಲ. ತಾಯಿಬಾಳೆಗೆ ಬಂಚಿ ಟಾಪ್ ರೋಗವಿದ್ದರೆ ಮರಿಗಳಿಗೂ ಅದು ದಾಟುತ್ತದೆ. ಆದ್ದರಿಂದ ತೋಟಕ್ಕೆ ಬೇಕಾದ ಬಾಳೆಸಸಿಯನ್ನು ವೈರಸ್ ಪರೀಕ್ಷೆ ಮಾಡುವ ಪ್ರಯೋಗಾಲಯದಿಂದಲೇ ತನ್ನಿ.